ಐದನೆಯ ಸಹಿ

ಪರದೆಮನೆಯಲ್ಲಿ ಬೀಗದಕ್ಕನಿಗೆ ಕೂರಲು ಎರಡು ಜಾಗ ಇದ್ದವು. ಒಂದು, ಬಾಗಿಲ ಬಳಿಯ ಸ್ಟೂಲು. ಬಂದವರಿಗೆ ಟಿಕೆಟ್ ಹರಿದುಕೊಡುವಾಗ ಕೂರುವುದಕ್ಕೆ. ಇನ್ನೊಂದು, ಮಹಡಿಯ ಸಭೆ ಕೋಣೆಯಲ್ಲಿ ಉದ್ದನೆ ಮೇಜಿನ ತುದಿಗೆ, ಅಡುಗೆಕೋಣೆಯ ಬಾಗಿಲಿಗೆ ಒತ್ತಿಕೊಂಡಿದ್ದ ಬೆತ್ತದ ಕುರ್ಚಿ. ಸ್ಟೂಲಿನ ಮರ ಇಪ್ಪತ್ತೆರಡು ವರ್ಷ ಸವೆದು ಕನ್ನಡಿಯಂತಾಗಿತ್ತು. ಕುರ್ಚಿಯ ಬೆತ್ತ ನಾಲ್ಕು ವರ್ಷವಾದರೂ ಅಂಗಡಿಯಿಂದ ಬಂದ ಹಾಗೇ ಇತ್ತು. ಅದರ ಮೇಲೆ ಅವಳು ಎಲ್ಲ ಸೇರಿಸಿದರೂ ಒಂದು ಗಂಟೆ ಕೂತಿದ್ದಳೋ ಇಲ್ಲವೋ.

ಹೊರಗಿನ ಬೋರ್ಡಿನಲ್ಲಿ ಆ ಕಟ್ಟಡಕ್ಕೆ ಉಸಿರುಕಟ್ಟುವಷ್ಟು ಉದ್ದದ ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅದು ಪರದೆಮನೆ. ಹಿಂದೊಮ್ಮೆ ಅಲ್ಲಿ ನಾಟಕ ಕಂಪನಿಯೊಂದು ತಾಲೀಮು ಮಾಡುತ್ತಿತ್ತು. ಕಂಪನಿ ಮುಚ್ಚಿದಾಗ ಕಿರೀಟ, ಖಡ್ಗ, ಪೆಟ್ಟಿಗೆಗಳೆಲ್ಲ ಒಬ್ಬೊಬ್ಬರ ಕೈಗೆ ಒಂದೊಂದರಂತೆ ಹೋದವು. ರಂಗದ ಹಿಂದೆ ಬಿಡುತ್ತಿದ್ದ ಪರದೆಗಳನ್ನು ಯಾರೂ ಒಯ್ಯಲಿಲ್ಲ. ಒಂದೊಂದೂ ಹದಿನೆಂಟಡಿ ಅಗಲ, ಹನ್ನೆರಡಡಿ ಎತ್ತರ. ಅಷ್ಟು ದೊಡ್ಡದನ್ನು ಯಾರು ತಾನೇ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ? ಹಾಗಾಗಿ ಕಾಡು, ಅರಮನೆ, ಬೀದಿ, ಸೆರೆಮನೆ, ನದಿ, ಬೆಳದಿಂಗಳು, ಒಟ್ಟು ಮೂವತ್ತೊಂದು ಪರದೆಗಳು ಬಿದಿರಿಗೆ ಸುತ್ತಿಕೊಂಡು ಅಲ್ಲೇ ಉಳಿದವು. ಅವನ್ನು ಕಾಯುವುದಕ್ಕೆಂದು ಒಂದು ಸಂಸ್ಥೆ, ಸಂಸ್ಥೆಗೆ ಏಳು ಜನರ ಆಡಳಿತ ಮಂಡಳಿ, ಮಂಡಳಿಗೆ ಒಂದು ಬೈಲಾ, ಬಾಗಿಲಿಗೆ ಒಂದು ಬೀಗ, ಬೀಗಕ್ಕೆ ಅವಳು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಆಗಿನ ಮುದುಕ ವ್ಯವಸ್ಥಾಪಕರು ಒಂದು ಮಾತು ಹೇಳಿದ್ದರು. "ನೋಡಮ್ಮ, ಇದು ಎಣ್ಣೆ ಬಣ್ಣ ಅಲ್ಲ. ಬಣ್ಣದ ಪುಡೀನ ಸರೇಸಲ್ಲಿ ಕಲಸಿ ಬಳಿದಿರೋದು. ಮರಗೆಲಸದವರು ಅಂಟು ಹಾಕ್ತಾರಲ್ಲ, ಅದೇ ಸರೇಸು. ನೀರು ತಾಗಿದ್ರೆ ಎಲ್ಲ ಕರಗಿ ಕೈಗೆ ಬರುತ್ತೆ." ಅಂದಿನಿಂದ ಅವಳು ಪರದೆ ಮುಟ್ಟುವ ಮೊದಲು ಕೈಯನ್ನು ಸೆರಗಿಗೆ ಎರಡು ಸಲ ಒರೆಸುತ್ತಿದ್ದಳು. ಮನೆಯಲ್ಲಿ ಮಗಳ ಮಗುವನ್ನು ಎತ್ತಿಕೊಳ್ಳುವಾಗಲೂ ಅದೇ ಅಭ್ಯಾಸವಾಗಿ, "ನನ್ನ ಮಗಳು ಬಟ್ಟೆ ಪರದೆ ಅಲ್ಲಮ್ಮ, ಸ್ವಲ್ಪ ಒದ್ದೆ ಕೈ ತಾಗಿದ್ರೆ ಕರಗಲ್ಲ" ಎಂದು ಮಗಳು ನಗುತ್ತಿದ್ದಳು.

ಅದಕ್ಕೂ ಮುಂಚೆ ಬೀಗದಕ್ಕ ಹಳೇ ನೂಲಿನ ಗೋದಾಮಿನಲ್ಲಿ ಆರು ವರ್ಷ ಮೂಟೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಆ ಗೋದಾಮಿನ ಗುಣ ಅಲ್ಲಿ ದುಡಿದವರಿಗೆಲ್ಲ ಗೊತ್ತಿತ್ತು. ಮೇಲಿನಿಂದ ಒಂದು ಹನಿ ಸೋರದು. ಜೋರು ಮಳೆ ಮೂರು ದಿನ ಹಿಡಿದರೆ ಮೂಲೆಯ ಮೋರಿಯಿಂದ ನೀರು ಹಿಂದಕ್ಕೆ ಉಕ್ಕುತ್ತಿತ್ತು. ನೆಲ ನೋಡನೋಡುತ್ತಲೇ ಕೆರೆ. ಹಾಗಾಗಿ ಅವರು ಮಳೆಗಾಲ ಬರುವ ಮೊದಲೇ ಮೂಟೆಗಳ ಕೆಳಗೆ ಎರಡೆರಡು ಸಾಲು ಇಟ್ಟಿಗೆ ಕೊಡುತ್ತಿದ್ದರು.

ಅವಳು ಮಂಡಳಿಯ ಸದಸ್ಯೆಯಾದದ್ದು ಯಾರೂ ಬಯಸಿ ಆದದ್ದಲ್ಲ. ಏಳು ಜನರಲ್ಲಿ ಒಬ್ಬರು ಅಲ್ಲಿನ ಕೆಲಸಗಾರರ ಪ್ರತಿನಿಧಿ ಇರಬೇಕು ಎಂದು ಬೈಲಾದಲ್ಲಿ ಒಂದು ಸಾಲಿತ್ತು. ಆ ಜಾಗ ಮೂರು ವರ್ಷ ಖಾಲಿ ಇದ್ದದ್ದಕ್ಕೆ ಸಂಘಗಳ ನೋಂದಣಿ ಕಚೇರಿಯಿಂದ ಗದರಿಸಿ ಕಾಗದ ಬಂತು. ಅಧ್ಯಕ್ಷರು ಬಟ್ಟೆ ವ್ಯಾಪಾರದ ದೊಡ್ಡ ಮನುಷ್ಯ, ಎಂಥ ತೊಡಕನ್ನೂ ಒಂದೇ ಮಾತಿನಲ್ಲಿ ಬಿಡಿಸುವವರು. "ಬೀಗದಕ್ಕ ಇದ್ದಾಳಲ್ಲ, ಹೇಗೂ ಒಳಗೇ ಇರ್ತಾಳೆ, ಅವಳನ್ನೇ ಹಾಕಿ" ಎಂದರು. ಕಾರ್ಯದರ್ಶಿಯಾಗಿದ್ದ ನಿವೃತ್ತ ಮೇಷ್ಟ್ರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು.

ಅವಳಿಗೆ ಆದ ಹಿಗ್ಗು ಹೇಳತೀರದು. ಮೊದಲ ಸಭೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೊಸ ಪೆನ್ನು ಹಿಡಿದು, ಬೆತ್ತದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅರ್ಧ ಗಂಟೆಗೆ ಅಧ್ಯಕ್ಷರು ಗಡಿಯಾರ ನೋಡಿದರು. ಎಲ್ಲರೂ ಅಡುಗೆಕೋಣೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಯಾಕೆಂದರೆ ಟೀ ಮಾಡುವವಳು ಕುರ್ಚಿಯ ಮೇಲೆ ಕೂತಿದ್ದಳು. ಅವಳೇ ಎದ್ದಳು. ಎರಡನೇ ಸಭೆಯಲ್ಲಿ ಅವರು ನೋಡುವ ಮೊದಲೇ ಎದ್ದಳು. ಮೂರನೇ ಸಭೆಯಿಂದ ಅದೇ ಪದ್ಧತಿಯಾಯಿತು. ಶುರುವಿನಲ್ಲೇ ಹಾಜರಿಗೆ ಸಹಿ ಹಾಕಿ ಒಳಗೆ ಹೋಗುವುದು, ಟ್ರೇ ಹಿಡಿದು ಬರುವುದು. ಅಷ್ಟರಲ್ಲಿ ಮುಖ್ಯ ವಿಷಯಗಳೆಲ್ಲ ಮುಗಿದಿರುತ್ತಿದ್ದವು. "ಯಾರದ್ದಾದ್ರೂ ಅಡ್ಡಿ ಇದ್ಯಾ? ಇಲ್ಲ. ಮೌನವೇ ಸಮ್ಮತಿ" ಎಂದು ಅಧ್ಯಕ್ಷರು ಹೇಳುವ ಹೊತ್ತಿಗೂ ಲೋಟಗಳು ಬರುವ ಹೊತ್ತಿಗೂ ಹೊಂದಿಕೆ ಕೂತುಹೋಗಿತ್ತು.

"ಅಮ್ಮ, ನೀನು ಅಲ್ಲಿ ಮೆಂಬರ್ರೋ, ಸರ್ವರ್ರೋ?" ಎಂದು ಮಗಳು ಒಮ್ಮೆ ಕೇಳಿದಳು.

"ಎರಡೂ. ಒಂದಕ್ಕೆ ಸಂಬಳ, ಒಂದಕ್ಕೆ ಮರ್ಯಾದೆ."

"ಯಾವುದಕ್ಕೆ ಯಾವುದು?"

ಬೀಗದಕ್ಕ ಮಗುವಿನ ಟೋಪಿಯ ದಾರ ಬಿಗಿಮಾಡಿದಳು.

ಆ ವರ್ಷ ಮಳೆ ಹಿಡಿದು ಎರಡನೇ ವಾರಕ್ಕೆ ಪರದೆಗಳಿದ್ದ ಹಿಂಬದಿಯ ಹಾಲ್‌ನ ನಡುತೊಲೆ ಸೀಳಿತು. ಬೆಳಗ್ಗೆ ಹತ್ತರ ಹೊತ್ತು, ಒಳಗೆ ಯಾರೂ ಇರಲಿಲ್ಲ. ದೊಡ್ಡ ಮರ ಕಡಿದಂಥ ಸದ್ದು. ಓಡಿಹೋಗಿ ನೋಡಿದರೆ ಮಧ್ಯದಲ್ಲಿ ಹೆಂಚುಗಳ ರಾಶಿ, ಮೇಲೆ ಮೋಡ. ಪುಣ್ಯಕ್ಕೆ ಪರದೆಗಳು ಗೋಡೆಯ ಕೊಕ್ಕೆಗಳಲ್ಲಿದ್ದವು. ಮಧ್ಯಾಹ್ನ ಪುರಸಭೆಯ ಇಂಜಿನಿಯರು ಬಂದು ಆ ಹಾಲ್‌ನ ಬಾಗಿಲಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗುಣಿಸುವ ಗುರುತು ಎಳೆದರು. "ನಾಲ್ಕು ದಿನದೊಳಗೆ ಎಲ್ಲ ಖಾಲಿ ಮಾಡಿ. ಇನ್ನೊಂದು ತೊಲೆ ಯಾವಾಗ ಬೇಕಾದ್ರೂ ಬರಬಹುದು."

ಮಾರನೆಯ ದಿನ ಹನ್ನೊಂದಕ್ಕೆ ತುರ್ತು ಸಭೆ. ಅದಕ್ಕೂ ಮುಂಚೆ ಕಚೇರಿಯ ಫೋನು ರಿಂಗಾಯಿತು. ಮಂಡಳಿಯಲ್ಲಿದ್ದ ವಕೀಲೆ, ಕೇಸಿನ ಮೇಲೆ ಬೇರೆ ಊರಿಗೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು.

"ಅಕ್ಕಾ, ನಂಗೆ ಬರಕ್ಕಾಗಲ್ಲ. ಮೇಷ್ಟ್ರಿಗೆ ಒಂದು ಕಾಗದ ಕಳಿಸಿದೀನಿ. ಸಭೆಯಲ್ಲಿ ಅದನ್ನ ಓದಿಸಿ. ಎಲ್ಲಿಗೆ ಸಾಗಿಸ್ತೀರೋ ಆ ಜಾಗ ಯಾರದು, ನಮ್ಮಲ್ಲಿ ಯಾರು ಹೋಗಿ ಕಣ್ಣಾರೆ ನೋಡಿದಾರೆ, ಏನಾದ್ರೂ ಆದ್ರೆ ಹೊಣೆ ಯಾರು. ಈ ಮೂರು ಕೇಳದೆ ಏನನ್ನೂ ಪಾಸ್ ಮಾಡ್ಬೇಡಿ. ಅವಸರದಲ್ಲೇ ತಪ್ಪಾಗೋದು."

"ಆಗ್ಲಿ ಮೇಡಂ, ಓದಿಸ್ತೀನಿ" ಎಂದಳು ಬೀಗದಕ್ಕ. ಹೇಳುವಾಗ ನಿಜಕ್ಕೂ ಓದಿಸುತ್ತೇನೆ ಎಂದೇ ಅಂದುಕೊಂಡಿದ್ದಳು.

ಸಭೆಗೆ ಬಂದವರು ಅಧ್ಯಕ್ಷರು, ಮೇಷ್ಟ್ರು, ಡಾಕ್ಟರು, ಖಜಾಂಚಿ. ಏಳನೆಯವರೊಬ್ಬರು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು; ಅವರ ಹೆಸರು ಪಟ್ಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು. ಬೈಲಾ ಪ್ರಕಾರ ಕೋರಂಗೆ ಐದು ಜನ ಬೇಕು.

"ನಾಲ್ಕೇ ಜನ ಆದ್ವಲ್ಲ" ಎಂದರು ಡಾಕ್ಟರು.

"ಐದು. ಬೀಗದಕ್ಕನ್ನ ಮರೆತ್ರಾ?" ಎಂದು ಅಧ್ಯಕ್ಷರು ನಕ್ಕರು. "ಬಾಮ್ಮ, ಹಾಜರಿಗೊಂದು ಸಹಿ ಹಾಕಿಬಿಡು. ಹಾಗೇ ಬೇಗ ಟೀ. ಈ ಚಳಿಗೆ ತಲೆ ಓಡ್ತಿಲ್ಲ."

ಅವಳು ಸಹಿ ಹಾಕಿದಳು. ಮೇಷ್ಟ್ರ ಕಡೆ ಬಾಗಿ, "ಮೇಡಂ ಕಾಗದ..." ಎಂದಳು. "ಇದೆಯಮ್ಮ, ಇದೆ" ಎಂದು ಅವರು ಫೈಲು ತಟ್ಟಿ ತೋರಿಸಿದರು. ಅಷ್ಟು ಸಾಕೆನಿಸಿತು. ಒಳಗೆ ಹೋಗಿ ಹಾಲು ಒಲೆಗಿಟ್ಟಳು.

ಅಡುಗೆಕೋಣೆಯ ಮೇಲೆ ತಗಡಿನ ಮಾಡು. ಮಳೆ ಅದರ ಮೇಲೆ ಹುರಿಗಡಲೆ ಸುರಿದಂತೆ ಸದ್ದು ಮಾಡುತ್ತಿತ್ತು. ಬಾಗಿಲ ಸಂದಿಯಿಂದ ಮಾತು ಚೂರುಚೂರಾಗಿ ಬರುತ್ತಿತ್ತು. ಡಾಕ್ಟರು ಶಾಲೆಯ ಸಭಾಂಗಣ ಕೇಳೋಣ ಎಂದರು. ರಜೆ ಇಲ್ಲ, ಮಕ್ಕಳು ಓಡಾಡುತ್ತವೆ ಎಂದರು ಖಜಾಂಚಿ. ಆಮೇಲೆ ಅಧ್ಯಕ್ಷರ ದನಿ: "ನಮ್ಮ ಅಳಿಯನ ಗೋದಾಮು ಖಾಲಿ ಬಿದ್ದಿದೆ..."

ಅವಳ ಕಿವಿ ನೆಟ್ಟಗಾಯಿತು. ಅಳಿಯನಿಗೆ ಎರಡು ಗೋದಾಮುಗಳಿದ್ದವು. ಒಂದು ಎತ್ತರದ ರಸ್ತೆಯಲ್ಲಿ, ಹೊಸದು. ಇನ್ನೊಂದು ಅವನು ಎಂಟು ವರ್ಷದ ಹಿಂದೆ ಕೊಂಡು ಸುಣ್ಣ ಬಳಿಸಿದ ಹಳೇ ನೂಲಿನ ಗೋದಾಮು. ಯಾವುದು? ಒಂದು ಹೆಜ್ಜೆ ಇಟ್ಟು ತಲೆ ಹೊರಗೆ ಹಾಕಿದ್ದರೆ ಮುಗಿದಿತ್ತು. ಹಾಲು ಅಂಚಿಗೆ ಬಂದಿತ್ತು. ಉಕ್ಕಿದರೆ ಒಲೆ ಒರೆಸುವವಳು ಅವಳೇ. ಇದೊಂದು ಇಳಿಸಿಕೊಂಡು ಹೋಗುತ್ತೇನೆ ಎಂದುಕೊಂಡಳು. ಇಳಿಸಿದ ಮೇಲೆ ಸೋಸಬೇಕಿತ್ತು. ಸೋಸಿದ ಮೇಲೆ ಲೋಟಗಳಿಗೆ ಹಾಕಬೇಕಿತ್ತು. ಬರಿಗೈಯಲ್ಲಿ ಆ ಕೋಣೆಗೆ ಹೋಗಿ ಅವಳಿಗೆ ರೂಢಿಯೇ ತಪ್ಪಿಹೋಗಿತ್ತು.

ಟ್ರೇ ಹಿಡಿದು ಬಂದಾಗ ಡಾಕ್ಟರು ಖಜಾಂಚಿಯ ಮೊಣಕಾಲು ನೋವಿಗೆ ಔಷಧ ಹೇಳುತ್ತಿದ್ದರು. ಮೇಷ್ಟ್ರು ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದು ಬರೆದು ಮುಗಿಸಿ ಅವಳ ಕಡೆ ತಿರುಗಿಸಿದರು.

"ಏನಾಯ್ತು ಸಾರ್?"

"ನಮ್ಮ ಅಳಿಯನ ಗೋದಾಮಿಗೆ ಸಾಗಿಸೋದು ಅಂತ. ಇವತ್ತಿಂದ್ಲೇ" ಎಂದರು ಅಧ್ಯಕ್ಷರು.

"ಯಾವ ಗೋದಾಮು?"

"ಹಳೇದು. ನೂಲಿಂದು. ಇನ್ನೊಂದರಲ್ಲಿ ಮಾಲಿದೆ."

"ಅಲ್ಲಿ ಮಳೆಗಾಲದಲ್ಲಿ ನೀರು..."

"ಅಕ್ಕಾ, ಇದರಲ್ಲಿ ಸಕ್ಕರೇನೇ ಇಲ್ವಲ್ಲ!" ಎಂದರು ಖಜಾಂಚಿ ಲೋಟ ಎತ್ತಿ ಹಿಡಿದು. "ಡಾಕ್ಟರು ಪಕ್ಕ ಕೂತಿದಾರೆ ಅಂತ ಎಲ್ಲರಿಗೂ ಪಥ್ಯಾನಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾಲಿಗೆಯ ಮೇಲಿದ್ದ ಮಾತನ್ನು ಅಲ್ಲೇ ಬಿಟ್ಟು ಸಕ್ಕರೆ ಡಬ್ಬಿ ತರಲು ಹೋದಳು. ಅವಸರದಲ್ಲಿ ಹಾಕುವುದನ್ನೇ ಮರೆತಿದ್ದಳು. ಡಬ್ಬಿ ಹಿಡಿದು ಬರುವಷ್ಟರಲ್ಲಿ ಅಧ್ಯಕ್ಷರು ಲಾರಿಗೆ ಫೋನು ಮಾಡುತ್ತಿದ್ದರು. ನಾಲ್ಕು ಸಹಿಗಳ ಕೆಳಗೆ ಐದನೆಯದಕ್ಕೆ ಜಾಗ ಬಿಟ್ಟ ಪುಸ್ತಕ ಮೇಜಿನ ತುದಿಯಲ್ಲಿ ಕಾಯುತ್ತಿತ್ತು. ಅವಳು ಸೆರಗಿಗೆ ಕೈ ಎರಡು ಸಲ ಒರೆಸಿಕೊಂಡು ಸಹಿ ಹಾಕಿದಳು.

ಮೆಟ್ಟಿಲು ಇಳಿಯುವಾಗ ಮೇಷ್ಟ್ರನ್ನು ಹಿಡಿದಳು. "ಮೇಷ್ಟ್ರೇ, ಆ ಗೋದಾಮಲ್ಲಿ ಮೋರಿಯಿಂದ ನೀರು ಮೇಲೆ ಬರುತ್ತೆ. ನಾನಲ್ಲಿ ಆರು ವರ್ಷ ಇದ್ದೆ."

"ಈಗ ರಿಪೇರಿ ಮಾಡ್ಸಿರ್ತಾರಮ್ಮ. ಅವರ ಅಳಿಯನ ಜಾಗ, ಅವರಿಗಿಂತ ನಮಗೆ ಹೆಚ್ಚು ಗೊತ್ತಾ?"

"ಮೇಡಂ ಕಾಗದ ಓದಿದ್ರಾ?"

ಮೇಷ್ಟ್ರು ಕೊಡೆ ಬಿಚ್ಚುವುದರಲ್ಲಿ ತುಂಬ ಮಗ್ನರಾದರು. "ಮುಂದಿನ ಸಭೆಗಿಟ್ಟರಾಯ್ತು. ಈಗ ಪರದೆ ಉಳಿಸ್ಕೊಳ್ಳೋಣ."

ಮೇಷ್ಟ್ರು ಕೆಟ್ಟವರಲ್ಲ. ಬೀಗದಕ್ಕನ ಮಗಳನ್ನು ಮೂರು ವರ್ಷ ಮನೆಯಲ್ಲಿ ಕೂರಿಸಿ ಗಣಿತ ಹೇಳಿಕೊಟ್ಟವರು. ಆ ಹುಡುಗಿಯ ಹೆರಿಗೆಯ ದಿನ ಆಟೋ ಹಿಡಿದು ಆಸ್ಪತ್ರೆಗೆ ಓಡಿದವರು. ಅಂಥವರು ರಿಪೇರಿಯಾಗಿರುತ್ತದೆ ಎಂದರೆ ಆಗಿರಬಹುದು ಎನಿಸಿತು. ಎನಿಸಲಿ ಎಂದು ಅವಳಿಗೂ ಬೇಕಿತ್ತು.

ಪರದೆಗಳ ಜತೆ ಅವಳೂ ಲಾರಿಯಲ್ಲಿ ಹೋದಳು. ಗೋದಾಮಿನ ಗೋಡೆ ಬೆಳ್ಳಗಿತ್ತು, ನೆಲಕ್ಕೆ ಹೊಳೆಯುವ ಕಲ್ಲು ಹಾಕಿಸಿದ್ದರು. ಮೂಲೆಯ ಮೋರಿ ಎಲ್ಲಿತ್ತೋ ಅಲ್ಲೇ ಇತ್ತು. ಬಾಯಿಗೆ ಹೊಸ ಜಾಲರಿ ಮಾತ್ರ ಬಂದಿತ್ತು. "ಕೆಳಗೆ ಇಟ್ಟಿಗೆ ಕೊಡೋಣ" ಎಂದರೆ ಮೇಸ್ತ್ರಿ ಒಪ್ಪಲಿಲ್ಲ. "ಹೊಸ ನೆಲ ಅಕ್ಕ, ಗೀರು ಬಿದ್ರೆ ಯಜಮಾನ್ರು ನನ್ನ ಚರ್ಮ ಸುಲೀತಾರೆ." ಹಿಂಬದಿಯಲ್ಲಿ ಹಳೇ ಮರದ ಅಟ್ಟಣೆ ಎರಡಿದ್ದವು. ಅವುಗಳ ಮೇಲೆ ಹನ್ನೆರಡು ಹಿಡಿದವು. ಲಾರಿಯ ಬಾಗಿಲಿಗೆ ಹತ್ತಿರ ಇದ್ದ ಹನ್ನೆರಡು ಅಷ್ಟೇ, ಆರಿಸಿದ್ದೇನಲ್ಲ. ಉಳಿದ ಹತ್ತೊಂಬತ್ತು ನೆಲದ ಮೇಲೆ ಮಲಗಿದವು. ಷಟರು ಎಳೆದರು. ಇಡೀ ಪರದೆಮನೆಯ ಬೀಗದಕೈ ಗೊಂಚಲು ಸೊಂಟದಲ್ಲಿದ್ದವಳಿಗೆ ಆ ಒಂದು ಬೀಗದ ಕೀಲಿ ಸಿಗಲಿಲ್ಲ. ಅದು ಅಳಿಯನ ಜೇಬಿಗೆ ಹೋಯಿತು.

ಮೂರನೇ ದಿನದ ರಾತ್ರಿ ಮಳೆ ಹೆಚ್ಚಾಯಿತು. ನಾಲ್ಕನೆಯ ಬೆಳಗ್ಗೆ ಅವಳು ಅಧ್ಯಕ್ಷರ ಅಂಗಡಿಯ ಮುಂದೆ ಕೊಡೆ ಹಿಡಿದು ನಿಂತಿದ್ದಳು. ಅಳಿಯ ಊರಲ್ಲಿಲ್ಲ, ನಾಳೆ ಬರುತ್ತಾನೆ ಎಂದರು. "ಬೀಗ ಒಡೆಸೋಣ ಸಾರ್" ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

"ಒಡೆಯೋದಾ? ಬೇರೆಯವರ ಆಸ್ತಿ ಅದು. ನಾಳೆವರೆಗೆ ಏನಾಗುತ್ತೆ, ಬಟ್ಟೆ ತಾನೆ? ಒದ್ದೆ ಆದ್ರೆ ಒಣಗಿಸಿದ್ರಾಯ್ತು" ಎಂದರು ಅಧ್ಯಕ್ಷರು. ನಲವತ್ತು ವರ್ಷ ಬಟ್ಟೆ ಮಾರಿದವರು. ಪರದೆಮನೆಗೆ ಹನ್ನೊಂದು ವರ್ಷ ಅಧ್ಯಕ್ಷರು. ಸರೇಸಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ ಎನ್ನುವುದು ಅವಳಿಗೆ ಆಗ ತಿಳಿಯಿತು. ಗೊತ್ತಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಮರುದಿನ ಅಳಿಯ ಬಂದು ಷಟರು ಎತ್ತಿದಾಗ ಒಳಗೆ ಕಣಕಾಲುದ್ದ ನೀರು. ಅದರ ಬಣ್ಣವನ್ನು ಅವಳು ಇವತ್ತಿಗೂ ಹೇಳಲಾರಳು. ಹಸಿರು, ನೀಲಿ, ಕಾವಿ ಎಲ್ಲ ಕೂಡಿ ಗೊಜ್ಜಾದಂಥದ್ದು. ಸುತ್ತಿದ ಬಟ್ಟೆ ಕೆಳಗಿನಿಂದ ಮೇಲಕ್ಕೆ ನೀರು ಹೀರಿತ್ತು. ಒಂದನ್ನು ಬಿಡಿಸಿದರೆ ಅರಮನೆಯ ಕಂಬಗಳು ಹಿಂದಿನ ಸುತ್ತಿಗೆ ಅಂಟಿಕೊಂಡು ಚಕ್ಕೆಚಕ್ಕೆಯಾಗಿ ಎದ್ದವು. ಡಾಕ್ಟರು ಪ್ಯಾಂಟು ಮಡಚಿ ನೀರಿಗಿಳಿದವರು ಹಾಗೇ ನಿಂತುಬಿಟ್ಟರು. ಖಜಾಂಚಿ ಬಾಗಿಲಲ್ಲೇ ಉಳಿದರು.

ಮನೆಗೆ ಬಂದಾಗ ಮಗಳು ಬಿಸಿನೀರು ತಂದು ಅವಳ ಕಾಲು ತೊಳೆದಳು. ಹಿಮ್ಮಡಿಯ ಬಿರುಕುಗಳಲ್ಲಿ ಕೂತ ನೀಲಿ ಎರಡು ವಾರ ಹೋಗಲಿಲ್ಲ. "ಆಕಾಶ ಇರ್ಬೇಕು" ಎಂದಳು ಬೀಗದಕ್ಕ. ಮಗಳು ಉಜ್ಜುತ್ತಲೇ ಇದ್ದಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಮೇಲೆ ಎಲ್ಲ ಕ್ರಮವಾಗಿ ನಡೆಯಿತು. ಪತ್ರಿಕೆಯಲ್ಲಿ ಸುದ್ದಿ, ನೋಂದಣಿ ಕಚೇರಿಯಿಂದ ನೋಟಿಸು, ವಿಚಾರಣೆಗೆ ದಿನ.

ವಿಚಾರಣೆಯ ಹಿಂದಿನ ದಿನ ಸಂಜೆ ಮೇಷ್ಟ್ರು ಮನೆಗೆ ಬಂದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಬಿಡಿಸುತ್ತ, ಬಹಳ ಹೊತ್ತು ಬೇರೆ ಏನೇನೋ ಮಾತಾಡಿದರು. ಕೊನೆಗೆ, "ನಾಳೆ ಕೇಳ್ತಾರೆ, ಸಭೆಯಲ್ಲಿ ಇದ್ರಾ ಅಂತ" ಎಂದರು.

"ಹೂಂ."

"ಇದ್ದೆ ಅನ್ನಮ್ಮ. ಅಷ್ಟೇ ಸಾಕು. ನೀನಿಲ್ಲ ಅಂದ್ರೆ ನಾಲ್ಕೇ ಜನ, ಕೋರಂ ಇಲ್ಲ, ಅದು ಸಭೆಯೇ ಅಲ್ಲ ಅಂತಾಗುತ್ತೆ. ಆಗ ಆಗಿದ್ದಕ್ಕೆಲ್ಲ ಮಂಡಳಿ ಅಲ್ಲ, ನಾವು ನಾವೇ ಹೊಣೆ. ಬರೆದದ್ದು ನಾನು. ಈ ವಯಸ್ಸಲ್ಲಿ, ನನ್ನ ಅಕ್ಷರದಲ್ಲಿ ಸುಳ್ಳು ಬರೆದ ಅಂತ ಕರೆಸ್ಕೋಬೇಕಾ?"

"ಮೇಷ್ಟ್ರೇ, ನೀವು ಬರೆಯೋವಾಗ ನಾನು ಎಲ್ಲಿದ್ದೆ?"

ಅವರು ಮಗುವಿನ ಬೆರಳು ಬಿಟ್ಟರು. "ಬಾಗಿಲಾಚೆ. ಎಂಟು ಹೆಜ್ಜೆ."

ಅವರು ಹೋದ ಮೇಲೆ ಮಗಳು ಸಿಡಿದಳು. "ಇದರಲ್ಲಿ ಯೋಚಿಸೋದೇನಿದೆ? ಇದ್ದೆ ಅಂದ್ರೆ ಸುಳ್ಳು. ಇರ್ಲಿಲ್ಲ ಅಂದ್ರೆ ನಿಜ, ನೀನೂ ಪಾರು. ಇಷ್ಟೇ ತಾನೆ?"

"ಇಷ್ಟೇ ಅಲ್ಲ."

"ಮತ್ತಿನ್ನೇನು?"

"ಪಾರಾಗೋಕೆ ನಂಗೇನು ಹಕ್ಕಿದೆ?" ಎಂದಳು ಬೀಗದಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ತಾಯಿ ಅಡಿಗಡಿಗೆ ಎಚ್ಚರಿಸುತ್ತಿದ್ದಳು. ಆಡದ ಮಾತೂ ಹೋಗುತ್ತದೆ, ಅದರ ಜತೆ ಇನ್ನೂ ಏನೇನೋ ಹೋಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ವಿಚಾರಣೆ ನಡೆದದ್ದು ನೋಂದಣಿ ಕಚೇರಿಯ ಇಕ್ಕಟ್ಟು ಕೋಣೆಯಲ್ಲಿ. ಸುತ್ತ ಕಟ್ಟಿಟ್ಟ ಫೈಲುಗಳು, ಮಧ್ಯೆ ಅಧಿಕಾರಿಯ ಮೇಜು. ಅಧಿಕಾರಿಗೆ ನೆಗಡಿಯಾಗಿತ್ತು, ಮೂಗೊರೆಸಿಕೊಳ್ಳುತ್ತಲೇ ನಡಾವಳಿ ಪುಸ್ತಕ ತಿರುವಿದರು.

"ಐದು ಸಹಿ ಇದೆ. ಇದು ನಿಮ್ಮದಾ?"

"ನಂದೇ ಸಾರ್."

"ನಿರ್ಣಯ ಆಗೋವಾಗ ನೀವು ಹಾಜರಿದ್ರಾ?"

ಮೇಷ್ಟ್ರು ನೆಲ ನೋಡುತ್ತಿದ್ದರು. ಅವರ ಅಂಗಿಯ ಕಾಲರಿನ ಹೊಲಿಗೆ ಬಿಟ್ಟಿರುವುದು ಅವಳಿಗೆ ಕಂಡಿತು.

"ಇಲ್ಲ ಸಾರ್. ಅಡುಗೆಕೋಣೇಲಿದ್ದೆ. ಟೀ ಮಾಡ್ತಿದ್ದೆ."

"ಬಾಗಿಲು ತೆಗೆದೇ ಇರುತ್ತೆ ಸಾರ್" ಎಂದರು ಅಧ್ಯಕ್ಷರು ಮುಂದೆ ಬಾಗಿ. "ಎಲ್ಲ ಕೇಳಿಸುತ್ತೆ. ಅದೂ ಸಭೆ ಇದ್ದ ಹಾಗೇ."

"ಹಾಗಾದ್ರೆ ಬೀದಿಲಿ ಹೋಗೋರನ್ನೂ ಕೋರಂಗೆ ಎಣಿಸಿಬಿಡಿ, ಕಿಟಕಿ ತೆಗೆದೇ ಇರುತ್ತಲ್ಲ" ಎಂದು ಅಧಿಕಾರಿ ಬರೆದುಕೊಳ್ಳತೊಡಗಿದರು. "ಸರಿಯಮ್ಮ, ನಿಮ್ಮದು ಮುಗೀತು. ಹೋಗಬಹುದು."

ಮಗಳು ಹೇಳಿದ ಪಾರಾಗುವ ಬಾಗಿಲು ಅದೇ. ಅಷ್ಟು ಸುಲಭವಾಗಿ ತೆರೆದುಕೊಂಡಿತ್ತು. ಬೀಗದಕ್ಕ ಏಳಲಿಲ್ಲ.

"ಅಷ್ಟೇ ಬರ್ಕೋಬೇಡಿ ಸಾರ್. ಇವರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಅಲ್ಲಿ ನೀರು ಏಳುತ್ತೆ ಅಂತ. ಆ ಬಣ್ಣಕ್ಕೆ ನೀರಾಗಲ್ಲ ಅಂತಲೂ ಗೊತ್ತಿತ್ತು. ಎರಡೂ ಗೊತ್ತಿದ್ದೋಳು ಅಲ್ಲಿ ನಾನೊಬ್ಬಳೇ."

ಅಧಿಕಾರಿ ಪೆನ್ನು ನಿಲ್ಲಿಸಿದರು. "ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಉತ್ತರಕ್ಕೆ ಹುಡುಕಿದಳು. ಹೆದರಿದೆ ಎನ್ನಬಹುದಿತ್ತು, ಹೆದರಿರಲಿಲ್ಲ. ಬಾಯಿ ಮುಚ್ಚಿಸಿದರು ಎನ್ನಬಹುದಿತ್ತು. ಯಾರೂ ಗದರಿರಲಿಲ್ಲ, ನಕ್ಕಿದ್ದರು. ಇದ್ದದ್ದನ್ನೇ ಹೇಳಿದಳು.

"ಹೇಳಕ್ಕೆ ಶುರು ಮಾಡಿದ್ದೆ. ಸಕ್ಕರೆ ಕೇಳಿದ್ರು. ತರಕ್ಕೆ ಹೋದೆ."

ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ಅವಳಿಗೇ ಕೇಳಿಸಿತು. ಕೋಣೆಯಲ್ಲಿ ಯಾರೂ ನಗಲಿಲ್ಲ. ಖಜಾಂಚಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಮಂಡಳಿಯನ್ನು ವಜಾ ಮಾಡಿದರು. ಅದರಲ್ಲಿ ಅವಳ ಜಾಗವೂ ಹೋಯಿತು. ಹೋದದ್ದಕ್ಕೆ ಅವಳು ಎದುರಾಡಲಿಲ್ಲ. ಅಧ್ಯಕ್ಷರು ಸಿಕ್ಕಾಗ ಈಗಲೂ ಚೆನ್ನಾಗಿಯೇ ಮಾತಾಡಿಸುತ್ತಾರೆ. ಅವರ ಮಟ್ಟಿಗೆ ಅದು ಮಳೆಯ ತಪ್ಪು. ಮೇಷ್ಟ್ರು ಮಾತ್ರ ಅವಳು ಎದುರಿಗೆ ಬಂದರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ. ಒಂದು ದಿನ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಾಗ ದೂರದಿಂದ ಕಂಡು ಅವರ ಕೈ ತಾನಾಗಿ ಮೇಲೆದ್ದಿತು, ಮಗುವಿಗೆ ಟಾಟಾ ಮಾಡುವುದಕ್ಕೆ. ಅರ್ಧಕ್ಕೇ ಇಳಿಯಿತು. ಹತ್ತೊಂಬತ್ತು ಪರದೆಗಳ ಜತೆ ಅದನ್ನೂ ಅವಳು ಲೆಕ್ಕಕ್ಕೆ ಹಿಡಿದಳು.

ಕಾಗದ ಬರೆದು ಎಚ್ಚರಿಸಿದ್ದ ವಕೀಲೆಯನ್ನೇ ನೋಂದಣಿ ಕಚೇರಿ ತಾತ್ಕಾಲಿಕ ಆಡಳಿತಾಧಿಕಾರಿಯಾಗಿ ನೇಮಿಸಿತು. ಎಲ್ಲಕ್ಕಿಂತ ಮೊದಲು ಅವರು ಕೇಳಿದ್ದು ಪರದೆಗಳ ಫೋಟೋ. ಇರಲಿಲ್ಲ. ಎಲ್ಲವನ್ನೂ ಫೋಟೋ ತೆಗೆಸಬೇಕೆಂದು ನಡಾವಳಿಯಲ್ಲಿ ಆರು ಸಲ ಬಂದಿತ್ತು, ಆರು ಸಲವೂ ಮುಂದಿನ ಸಭೆಗೆ ಹೋಗಿತ್ತು. ಪಟ್ಟಿ ಇತ್ತು, ಅದರಲ್ಲಿ "ನದಿ, ಒಂದು. ಕಾಡು, ಎರಡು" ಎಂದಷ್ಟೇ.

"ಹಾಗಾದ್ರೆ ಹೋದವುಗಳಲ್ಲಿ ಏನಿತ್ತು ಅಂತ ಈಗ ಯಾರಿಗೆ ಗೊತ್ತು?" ಎಂದು ಕೇಳಿದವರು ತಾವೇ ತಿರುಗಿ ಬೀಗದಕ್ಕನನ್ನು ನೋಡಿದರು.

ಹಾಗೆ ಆ ಕೆಲಸ ಶುರುವಾಯಿತು. ಸಭೆ ಕೋಣೆಯ ಉದ್ದನೆ ಮೇಜಿನ ಮೇಲೆ ಒಂದೊಂದೇ ಪರದೆಯನ್ನು ಬಿಡಿಸುವುದು, ಹಳೇ ಬಟ್ಟೆಗಳನ್ನು ಸರಿಪಡಿಸುವ ತಜ್ಞೆ ಉಳಿದ ಚೂರುಗಳನ್ನು ಚಿಮುಟದಿಂದ ಎತ್ತಿ ಕಾಗದದ ನಡುವೆ ಇಡುವುದು, ಬೀಗದಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಏನೇನಿತ್ತೆಂದು ಹೇಳುವುದು, ಹೊಸ ಗುಮಾಸ್ತ ಬರೆದುಕೊಳ್ಳುವುದು. ದಿನಕ್ಕೊಂದು ಪರದೆ. ಧೂಳು ಹೊಡೆಯುವವಳಿಗೆ ಗೊತ್ತಿರುವಷ್ಟು ನೋಡಲು ಬಂದವರಿಗೆ ಗೊತ್ತಿರುವುದಿಲ್ಲ. ಸೆರೆಮನೆಯ ಸರಳುಗಳ ಹಿಂದೆ, ಬಲಗಡೆ, ಮೂರನೇ ಕಲ್ಲಿನ ಮೇಲೆ ಒಂದು ಹಲ್ಲಿ ಇತ್ತು ಎಂದಳು. ಬೀದಿಯ ಪರದೆಯಲ್ಲಿ ಒಂದು ಮನೆಯ ಬಾಗಿಲು ಅರೆ ತೆರೆದಿತ್ತು, ಒಳಗೆ ದೀಪ ಇತ್ತು, ಮನುಷ್ಯರಿರಲಿಲ್ಲ. ಬೆಳದಿಂಗಳ ಪರದೆಯಲ್ಲಿ ಚಂದ್ರನ ಸುತ್ತ ಬಣ್ಣ ಎರಡು ಸಲ ಬಳಿದ ಗುರುತಿತ್ತು; ಮೊದಲು ಚಂದ್ರ ಸ್ವಲ್ಪ ಕೆಳಗಿದ್ದನೇನೋ, ಆಮೇಲೆ ಮೇಲೆ ಏರಿಸಿರಬೇಕು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಗುತ್ತಿತ್ತು. ಹೇಳಿ ಮುಗಿದ ಮೇಲೆ ಮೇಜಿನ ಮೇಲಿನ ಬಟ್ಟೆಯ ಕಡೆ ನೋಡದೆ ಎದ್ದುಹೋಗುತ್ತಿದ್ದಳು.

ಒಂಬತ್ತನೇ ದಿನ ನದಿ. ಬಟ್ಟೆಯಲ್ಲಿ ಉಳಿದಿದ್ದದ್ದು ಮೇಲಂಚಿನ ಒಂದಂಗುಲ ಮೋಡ.

"ಎಡಕ್ಕೆ ಮೆಟ್ಟಿಲು, ಏಳು" ಎಂದಳು. "ಕೊನೇ ಮೆಟ್ಟಿಲು ನೀರೊಳಗೆ. ಮೆಟ್ಟಿಲ ಮೇಲೆ ಒಂದು ಕೊಡ. ಆಚೆ ದಡದಲ್ಲಿ ಗುಡಿಸಲು, ಹೊಗೆ ಬರ್ತಿತ್ತು. ನಡುನೀರಲ್ಲಿ ದೋಣಿ."

"ಎಷ್ಟು ದೋಣಿ?" ಎಂದ ಗುಮಾಸ್ತ.

ಅವಳು ಕಣ್ಣು ಮುಚ್ಚಿದಳು. ಇಪ್ಪತ್ತೆರಡು ವರ್ಷ ಮೆತ್ತನೆ ಬ್ರಷ್ಷಿನಿಂದ ಆ ನೀರಿನ ಧೂಳು ತೆಗೆದಿದ್ದಳು. ಕೈ ಹೋಗುತ್ತಿದ್ದ ದಾರಿ ನೆನಪಿತ್ತು. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಒಂದು ದೋಣಿ ನಿಚ್ಚಳವಾಗಿ ಕಂಡಿತು, ಅದರ ಕೆಂಪು ಹಾಯಿಪಟವೂ. ಅದರ ಹಿಂದೆ ಇನ್ನೊಂದು. ಅದರಾಚೆ ದೂರದಲ್ಲಿ ಮಬ್ಬಾಗಿ ಇದ್ದದ್ದು ಮೂರನೆಯದೋ, ಕಲೆಯೋ?

ಮಳೆ ನಿಂತು ಹೊರಗೆ ಬಿಸಿಲು ಬಿದ್ದಿತ್ತು. ತಜ್ಞೆ ಚಿಮುಟ ಕೆಳಗಿಟ್ಟು ಕಾದಳು.

"ಎರಡು ಅಂತ ಹಾಕ್ಲಾ ಅಕ್ಕ?" ಎಂದ ಗುಮಾಸ್ತ, ಅವಳ ಕಷ್ಟ ನೋಡಲಾರದೆ. "ಎರಡೋ ಮೂರೋ, ಇನ್ನು ಯಾರು ಬಂದು ಎಣಿಸ್ತಾರೆ?"

"ಅದಕ್ಕೇ ಬೇಡಪ್ಪ. ಎಣಿಸೋಕೆ ಇನ್ನು ಯಾರಿಗೂ ಆಗಲ್ಲ" ಎಂದಳು. "ಎರಡು ನೆನಪಿದೆ, ಮೂರನೇದು ಗೊತ್ತಿಲ್ಲ ಅಂತ ಬರಿ. ಗೊತ್ತಿಲ್ಲ ಅಂತಲೇ ಬರಿ."

ಅವನು ಹಾಗೆಯೇ ಬರೆದ. ಅವಳು ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಕೂತಿದ್ದಳು, ಆ ಮಬ್ಬು ಚುಕ್ಕೆ ಹತ್ತಿರ ಬರಬಹುದೇನೋ ಎಂದು.